ಚರ್ಮಕ್ಕೆ ಮೂರು ಪದರ, ತಜ್ಞರು ನೂರು

ಚರ್ಮಕ್ಕೆ ಮೂರು ಪದರ ಎಂದು ಕಲಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು. ತೆಲುಗರ ಊರಿನ ಅಬಿಡ್ಸ್ ಪೇಟೆಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವವರಿಗೆ ಹೊರಗಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಸಾಕು, ಚರ್ಮತಜ್ಞರಾಗಿಯೇ ಒಳಗೆ ಬರುತ್ತಾರೆ. ಡಾಕ್ಟರಮ್ಮ ಕನ್ನಡದವರು ಅಂತ ಗೊತ್ತಾದರಂತೂ ಮುಗಿಯಿತು, ಊರಿನ ಆ ತುದಿಯ ಲಿಂಗಂಪಲ್ಲಿಯಿಂದಲೂ ರೈಲು ಹತ್ತಿ ಬಂದು ಪಾಠ ಹೇಳಿ ಹೋಗುತ್ತಾರೆ. ಫೀಸು ಕೊಟ್ಟು ಪಾಠ ಹೇಳುವ ಮಾಸ್ತರರು ಬೇರೆಲ್ಲೂ ಸಿಗಲಿಕ್ಕಿಲ್ಲ.

ಬೋರು

ನನ್ನ ಟೇಬಲ್ಲಿನ ಹಿಂದೆ ಚರ್ಮವನ್ನು ಸೀಳಿ ತೋರಿಸುವ ದೊಡ್ಡ ಚಿತ್ರವಿದೆ. ಮೇಲೆ ತೆಳ್ಳನೆಯ ಹೊರಚರ್ಮ, ನಡುವೆ ದಪ್ಪ ಒಳಚರ್ಮ, ಕೆಳಗೆ ಹಳದಿ ಕೊಬ್ಬು, ಆಳಕ್ಕೆ ಇಳಿದ ಒಂದು ಕೂದಲು. ಶಂಶಾಬಾದಿನಲ್ಲಿ ಪ್ಲಾಟು ಮಾರುವ ಸಾಹುಕಾರರೊಬ್ಬರು ಬೆನ್ನಿನ ತುರಿಕೆ ಮರೆತು ಅದನ್ನೇ ನೋಡುತ್ತ ನಿಂತರು.

“ಯಾವ ಕಡೆ ಜಾಗಾ ರೀ ಇದು? ಮ್ಯಾಲಿನ ಮಣ್ಣು ಭಾಳ ತೆಳ್ಳಗ ಐತಿ. ಬೋರು ಮಾತ್ರ ಚಲೋ ಇಳಿಸ್ಯಾರ. ನೀರು ಎಷ್ಟು ಫೂಟಿಗೆ ಬಿತ್ತು?”

“ಬೋರಲ್ರೀ ಸಾಹುಕಾರ್ರ, ಕೂದಲು. ನಿಮ್ಮ ತಲಿಯಾಗೂ ಹಿಂಗೇ ಇರತಾವ.”

ಅವರು ಟೊಪ್ಪಿಗೆ ತೆಗೆದು, ಫಳಫಳ ಹೊಳೆಯುವ ತಲೆಯನ್ನು ನನ್ನತ್ತ ಬಗ್ಗಿಸಿದರು. “ನಮ್ಮ ಲೇಔಟಿನಾಗ ಎಲ್ಲಾ ಬೋರೂ ಫೇಲ್ ಆಗ್ಯಾವ್ರೀ.”

ಸಿಪ್ಪೆ

ಮಗಳ ಮದುವೆಗೆ ಎರಡು ತಿಂಗಳಿರುವಾಗ ತಾಯಿಯೊಬ್ಬರು ಅವಳನ್ನು ಎಳೆದುಕೊಂಡು ಬಂದರು. ಹುಡುಗಿಗೆ ರೋಗವೇನೂ ಇರಲಿಲ್ಲ. ಅವಳ ಕಪ್ಪು ಬಣ್ಣವೇ ರೋಗ ಅಂತ ತಾಯಿ ಮನೆಯಲ್ಲೇ ಕಂಡುಹಿಡಿದು, ಔಷಧವನ್ನೂ ತಾವೇ ಗೊತ್ತುಮಾಡಿದ್ದರು.

“ಮ್ಯಾಲಿನ ಪದರ ಒಂದು ತಗದುಬಿಡ್ರಿ. ಉಳ್ಳಾಗಡ್ಡಿ ಸಿಪ್ಪಿ ತಗದ್ರ ಒಳಗ ಬೆಳ್ಳಗ ಇರೂದಿಲ್ಲೇನು?”

“ತಗಿಯೂದು ಬ್ಯಾಡ್ರಿ, ತಾನೇ ಉದುರತೈತಿ. ಹೆಚ್ಚುಕಡಿಮಿ ತಿಂಗಳಿಗೊಮ್ಮೆ ಹೊಸಾದು ಬರತೈತಿ. ಬಣ್ಣ ಮಾತ್ರ ಹಳೇದೇ.”

ತಾಯಿಗೆ ಕೊನೆಯ ಮಾತು ಕೇಳಿಸಲೇ ಇಲ್ಲ. “ಹಂಗಾದ್ರ ಮದುವಿ ಆಗೂದ್ರೊಳಗ ಎರಡು ಸಲ ಬರತೈತಿ. ಒಂದಾದ್ರೂ ಬೆಳ್ಳಗ ಬಂದೀತಲ್ಲ?”

ಆಗ ಮಗಳು ಹೇಳಿದಳು: “ಅವ್ವಾ, ನಿನಗ ಐವತ್ತು ವರ್ಷ. ಆರುನೂರು ಸಲ ಬಂದೈತಿ. ಒಂದಾದ್ರೂ ಬೆಳ್ಳಗ ಬಂತೇನು?”

ಹೆಬ್ಬೆಟ್ಟು

ನಿವೃತ್ತ ಹೆಡ್‌ಮಾಸ್ತರರೊಬ್ಬರ ಕೈಚರ್ಮ ಸುಲಿಯುತ್ತಿತ್ತು. ಪೆನ್ಶನ್ ಕಚೇರಿಯ ಮಷೀನು ಅವರ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. “ನೀವು ಬದುಕಿದ್ದೀರಿ ಅಂತ ಮಷೀನು ಒಪ್ತಾ ಇಲ್ಲ, ಡಾಕ್ಟರ ಚೀಟಿ ತನ್ನಿ” ಎಂದು ಗುಮಾಸ್ತರು ಕಳಿಸಿದ್ದರು. ಪೆನ್ಶನ್ ನಿಂತರೆ ಮನೆ ನಡೆಯುವುದೇ ನಿಂತಂತೆ ಎಂದು ಮಾಸ್ತರರು ಬೆವರುತ್ತಿದ್ದರು. ನಾನು ಮುಲಾಮು ಕೊಟ್ಟು, ‘ಬೆರಳಿನ ಮೇಲ್ಪದರದ ಸತ್ತ ಕೋಶಗಳು ಸುಲಿಯುತ್ತಿರುವುದರಿಂದ ಗುರುತು ಮೂಡುತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದುಕೊಟ್ಟೆ.

ಮರುದಿನ ಅವರು ಇನ್ನೂ ಹೆಚ್ಚು ಬೆವರುತ್ತ ಬಂದರು. “ಏನ್ ಬರದ್ರೀ ಡಾಕ್ಟರಮ್ಮಾ! ಅಂವ ‘ಸತ್ತ’ ಅನ್ನೂತನಕ ಓದಿ, ‘ನೋಡ್ರಿ, ಡಾಕ್ಟರೂ ಅದನ್ನೇ ಬರದಾರ’ ಅಂದ!”

ಆ ಚೀಟಿ ಹರಿದು ಬೇರೆ ಬರೆದೆ: ‘ಮೇಲಿನ ಒಂದು ತೆಳು ಪದರ ಬಿಟ್ಟರೆ ಉಳಿದ ಮನುಷ್ಯ ಪೂರ್ತಿ ಜೀವಂತ.’ ಈ ಸಲ ಮಾಸ್ತರರ ಜೊತೆ ನಾನೇ ಹೋದೆ. ಗುಮಾಸ್ತರು ಎರಡೆರಡು ಸಲ ಓದಿ, ತಲೆಯಾಡಿಸಿ, ಠಸ್ಸೆ ಒತ್ತಿದರು. ಮಾಸ್ತರರು ನೆಮ್ಮದಿಯ ಉಸಿರು ಬಿಟ್ಟರು.

“ಈಗ ಸರಿಯಾಯ್ತು ಮೇಡಂ,” ಎಂದರು ಗುಮಾಸ್ತರು. “ಆ ಸತ್ತ ಪದರದ ಡೆತ್ ಸರ್ಟಿಫಿಕೇಟಿನ ಜೆರಾಕ್ಸ್ ಒಂದು ಕೊಟ್ಟುಬಿಡಿ, ಫೈಲಿಗೆ ಹಾಕ್ತೀನಿ.”