ಚಂದ್ರಿಕೆಗೆ ಗುರಿಯಿಟ್ಟ ಥ್ರೋಬಾಲ್

ಯಾವ ವಿದ್ಯೆಯನ್ನಾದರೂ ಮೊದಲು ವಿಂಗಡಿಸಿಕೊಳ್ಳಬೇಕು, ಆಮೇಲೆ ಕಲಿಯಬೇಕು. ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನದ ಜೊತೆಗೆ ಇದನ್ನೂ ಬೋಧಿಸುತ್ತಾ ಬಂದವಳು ನಾನು. ಅಂಥವಳಿಗೆ ಥ್ರೋಬಾಲ್ ಯಾವ ಮಹಾ ವಿದ್ಯೆ?

ಈ ವಯಸ್ಸಿನಲ್ಲಿ ನನಗೆ ಥ್ರೋಬಾಲ್ ಅಂಟಿಸಿದ್ದು ಮಗಳು ಹೇಮಾ. ಎಂಟನೇ ಕ್ಲಾಸು. ಶಾಲೆಯ ಪಂದ್ಯದಲ್ಲಿ ಕ್ಯಾಚ್ ಬಿಟ್ಟಳು, ಗೆಳತಿಯರು "ತೂತು ಬುಟ್ಟಿ" ಅಂತ ಹೆಸರಿಟ್ಟರು. ಅವತ್ತಿನಿಂದ ಮೈದಾನದ ಕಡೆ ತಲೆ ಹಾಕಲಿಲ್ಲ. ಸಂಜೆಯಾದರೆ ಮೊಬೈಲು ಹಿಡಿದು ಮೂಲೆ ಸೇರುತ್ತಿದ್ದಳು. ನೋಡಿದರೆ ನನಗೆ ಕರುಳು ಚುರುಕ್ ಅನ್ನುತ್ತಿತ್ತು.

"ಕಲಿತರೆ ಎಲ್ಲಾ ಬರುತ್ತೆ ಕಣೇ," ಅಂದೆ.

"ನಿನಗೆ ಬರುತ್ತಾ?"

"ನೌಕರರ ಕ್ರೀಡಾಕೂಟಕ್ಕೆ ನಮ್ಮ ಟೀಚರ್‌ಗಳ ತಂಡದಲ್ಲಿ ಒಬ್ಬರು ಕಮ್ಮಿ ಇದ್ದಾರೆ. ಆಡಿ ತೋರಿಸ್ತೀನಿ, ಆಮೇಲೆ ನೀನೂ ಮೈದಾನಕ್ಕೆ ವಾಪಸ್ ಹೋಗ್ಬೇಕು."

"ನೋಡಣ," ಅಂದಳು.

ಮಾರನೇ ದಿನ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರನ್ನು ಹಿಡಿದೆ. ಅವರು ಸಾವಧಾನವಾಗಿ ವಿವರಿಸಿದರು.

"ಕೌಶಲದಲ್ಲಿ ಎರಡು ಬಗೆ ಮೇಡಂ. ಸರ್ವೀಸ್ ಪೂರ್ತಿ ನಿಮ್ಮ ಕೈಲಿರುತ್ತೆ. ನಿಂತ ಜಾಗದಿಂದ ನೀವೇ ಎಸೀತೀರ. ಅದು ಕ್ಲೋಸ್ಡ್ ಸ್ಕಿಲ್. ಕ್ಯಾಚು ಹಾಗಲ್ಲ, ಚೆಂಡು ಎಲ್ಲಿಂದ ಹೇಗೆ ಬರುತ್ತೆ ಅನ್ನೋದು ಎದುರಿನವರ ಇಷ್ಟ. ಅದು ಓಪನ್ ಸ್ಕಿಲ್. ಕಲಿಯೋದ್ರಲ್ಲೂ ಹಂತ ಇದೆ. ಮೊದಲು ತಲೇಲಿ ಯೋಚನೆ, ಆಮೇಲೆ ಅಭ್ಯಾಸ, ಕೊನೆಗೆ ಯೋಚನೆ ಮಾಡದೇ ಕೈ ತಾನಾಗೇ ಎಸೆಯುತ್ತೆ. ಆದರೆ ಎರಡೂ ಬಗೆ ಕಲೀಬೇಕು ಮೇಡಂ."

ಕೊನೆಯ ವಾಕ್ಯ ಬಿಟ್ಟು ಉಳಿದದ್ದೆಲ್ಲ ನನಗೆ ಹಿಡಿಸಿತು. ಎದುರಿನವರ ಇಷ್ಟಕ್ಕೆ ಕುಣಿಯುವ ಕೌಶಲ ನಮಗೇಕೆ? ಸರ್ವೀಸ್ ಒಂದನ್ನೇ ಸಾಧಿಸುವುದೆಂದು ತೀರ್ಮಾನಿಸಿದೆ.

ನಮ್ಮದು ಜಂಗಮಕೋಟೆ. ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ಬೆಳೆ ಮುಗಿದಿತ್ತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಸುತ್ತಿ ಸುತ್ತಿ ಹೋಗುವ ಸುರುಳಿ, ನಟ್ಟನಡುವೆ ಒಂದು ಬಿಂದು. ಗುರಿ ಇಡುವುದಕ್ಕೆ ಇದಕ್ಕಿಂತ ಇನ್ನೇನು ಬೇಕು? ಎಸೆದೆ.

"ಚಂದ್ರಿಕೆಗೆ ಹುಳ ಬಿಡ್ತಾರಮ್ಮ, ಚೆಂಡು ಬಿಡಲ್ಲ," ಅಂತ ಅತ್ತೆ ಓಡಿ ಬಂದರು.

ಕೊನೆಗೆ ಮುರುಕಲು ಚಂದ್ರಿಕೆಯೊಂದನ್ನು ನನಗೆ ದಾನ ಮಾಡಿದರು. ದಿನಾ ಬೆಳಿಗ್ಗೆ ಅದೇ ದೂರ, ಅದೇ ಎತ್ತರ, ಅದೇ ಬಿಂದು. ಕಣ್ಣು ಮುಚ್ಚಿ ಎಸೆದರೂ ನಡುವಿಗೇ ಬೀಳುವ ಹಾಗಾಯಿತು. ನಾನು ಕೊನೆಯ ಹಂತ ತಲುಪಿದ್ದೆ, ತಲೆಯ ಅವಶ್ಯಕತೆಯೇ ಇರಲಿಲ್ಲ.

ಶಿಡ್ಲಘಟ್ಟದ ಮೈದಾನದಲ್ಲಿ ನಮಗೆ ಎದುರಾಗಿದ್ದು ನರ್ಸಮ್ಮಂದಿರ ತಂಡ. ಹೇಮಾ ಗೆರೆಯ ಪಕ್ಕ ಕೂತಿದ್ದಳು. ನನ್ನ ಮೊದಲ ಸರ್ವೀಸು ಬಾಣದಂತೆ ಹೋಗಿ ಅಂಕಣದ ನಡುವೆ ನಿಂತಿದ್ದ ಎತ್ತರದ ನರ್ಸಿನ ಕೈಯಲ್ಲಿ ಕೂತಿತು. ಎರಡನೆಯದೂ ಅಲ್ಲೇ. ಮೂರನೆಯ ಹೊತ್ತಿಗೆ ಆಕೆಯ ಜೊತೆಯವರು ಪಕ್ಕಕ್ಕೆ ಸರಿದು ಮಾತಾಡಿಕೊಳ್ಳುತ್ತಿದ್ದರು.

"ಮೇಡಂ, ಬೇರೆ ಕಡೆ ಹಾಕಿ," ಅಂತ ನಮ್ಮ ಕ್ಯಾಪ್ಟನ್ ಅಂಗಲಾಚಿದರು. ನಾನೇನೋ ಸಿದ್ಧಳಿದ್ದೆ. ಕೈ ಕೇಳಬೇಕಲ್ಲ!

ಆ ನರ್ಸು ಹಿಡಿದದ್ದನ್ನೆಲ್ಲ ನನ್ನ ಕಡೆಗೇ ತಿರುಗಿಸಿ ಎಸೆಯತೊಡಗಿದರು. ಒಂದು ಭುಜಕ್ಕೆ, ಒಂದು ಮೊಣಕಾಲಿಗೆ, ಒಂದು ಜಡೆಗೆ ತಾಗಿ ಹೋಯಿತು. ಕೊನೆಯ ಪಾಯಿಂಟು. ಚೆಂಡು ನೇರ ಎದೆಗೆ ಬಂತು. ಹೇಮಾಳ ಮುಖ ನೋಡಿದೆ. ಪ್ರಾಣ ಹೋದರೂ ಬಿಡಬಾರದೆಂದು ಕೂಸನ್ನು ಅವಚಿಕೊಳ್ಳುವ ಹಾಗೆ ಅವಚಿಕೊಂಡೆ. ಸಿಕ್ಕಿತು! ರೆಫರಿ ಸೀಟಿ ಊದಿದರು. ಚೆಂಡು ಮೈಗೆ ತಾಗಬಾರದಂತೆ, ಎರಡು ಕೈಯಲ್ಲೇ ಹಿಡಿಯಬೇಕಂತೆ. ಪಂದ್ಯ ಮುಗಿಯಿತು.

ಬಸ್ಸಿನಲ್ಲಿ ನನಗೆ ಅಳುವೇ ಬಂತು. ಸೋತದ್ದಕ್ಕಲ್ಲ, ಇನ್ನು ಇವಳು ಜನ್ಮದಲ್ಲಿ ಮೈದಾನಕ್ಕೆ ಹೋಗುವುದಿಲ್ಲವಲ್ಲ ಅಂತ. ಹೇಮಾ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ನಗುತ್ತಿದ್ದಳು.

ಮಾರನೇ ಸಂಜೆ ಅವಳು ಮನೆಗೆ ಬಂದಾಗ ಲಂಗವೆಲ್ಲ ಮಣ್ಣು.

"ಎಲ್ಲಿಗೆ ಹೋಗಿದ್ದೆ?"

"ಗ್ರೌಂಡಿಗೆ. ನಿನ್ನಷ್ಟು ಕೆಟ್ಟದಾಗಿ ಆಡೋಕೆ ನನ್ನಿಂದ ಆಗಲ್ಲ ಅಂತ ಧೈರ್ಯ ಬಂತಮ್ಮ. ಶನಿವಾರ ಮ್ಯಾಚಿದೆ, ನೋಡೋಕೆ ಬಾ."

ನನ್ನ ಮನಸ್ಸು ತುಂಬಿ ಬಂತು. "ಬರ್ತೀನಿ ಕಣೇ. ಏನಾದ್ರೂ ಹೇಳ್ಕೊಡ್ಲಾ?"

"ಬೇಡಮ್ಮ. ಸುಮ್ನೆ ಕೂತ್ಕೊ ಸಾಕು."

ಹೋದೆ. ಕೂತೆ. ಅದೊಂದನ್ನು ಮಾತ್ರ ಯಾರೂ ಕಲಿಸದೆಯೇ ಬಹಳ ಚೆನ್ನಾಗಿ ಮಾಡಿದೆ.