ಪಣಕ್ಕಿಟ್ಟ ಮೀಸೆ

ಡಿ ಕ್ರಾಸಿನ ಬಳಿ ರಸ್ತೆಯಲ್ಲಿ ಒಂದು ಸಣ್ಣ ಗುಂಡಿಯಿದೆ. ಜಲ್ಲಿ ಲಾರಿಗಳು, ಹಾಲಿನ ಟೆಂಪೋಗಳು, ಕೊನೆಗೆ ಹನುಮಂತರಾಯಪ್ಪನ ಮುದಿ ಮೊಪೆಡ್ಡು ಕೂಡ ದಿನಾ ಅದರಲ್ಲಿ ಇಳಿದು ಹತ್ತಿ ಹೋಗುತ್ತವೆ. ವೇಣುಗೋಪಾಲನ ಬೈಕು, ಮನೆಗೆ ಬಂದು ಇನ್ನೂ ಎರಡು ತಿಂಗಳು ತುಂಬದ ಹೊಚ್ಚ ಹೊಸ ಬೈಕು, ಅದರಲ್ಲಿ ಇಳಿದಿದ್ದೇ ತಡ, ಉಸಿರು ನಿಲ್ಲಿಸಿತು. ಮೀಟರಿನ ಮೂಲೆಯಲ್ಲಿ ಎಂದಿನ ಕೆಂಪು ಗುರುತೊಂದು ಮಿಣುಕಿತು. ಅದು ಏನು ಹೇಳುತ್ತಿದೆಯೋ ವೇಣುವಿಗೆ ತಿಳಿಯದು. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಅವನು ಪೂಜೆಯ ದಿನ ದೇವರ ಮುಂದೆ ಇಟ್ಟವನು ಮತ್ತೆ ತೆಗೆದಿರಲಿಲ್ಲ.

ಹಿಂದಿನ ಸೀಟಿನ ಮೇಲೆ ಸೀರೆಗಳ ಗಂಟು. ಅವನ ಮನೆಯ ಮಗ್ಗಗಳಲ್ಲಿ ನೇಯ್ದ ಮದುವೆ ಸೀರೆಗಳು ಅವು. ಚಿಕ್ಕಪೇಟೆಯ ಸೇಟು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ: "ಪಾರ್ಟಿ ನಾಳೆ ಸಂಜೆ ಅಂಗಡಿಗೆ ಬರ್ತಾರೆ. ಈ ಸಲಾನೂ ಗಾಡಿ ಕೆಟ್ಟೋಯ್ತು ಅಂದ್ರೆ ಮಾಲು ನೀವೇ ಇಟ್ಕೊಳ್ಳಿ, ನಾನು ಬೇರೆಯವರ ಹತ್ರ ತಗೋತೀನಿ." ಬಸ್ಸಿಗೆ ಹೋಗಬಹುದಿತ್ತು. ಆದರೆ ಬಾಗಿಲಲ್ಲಿ ಹೊಸ ಬೈಕು ನಿಲ್ಲಿಸಿ ತಲೆಯ ಮೇಲೆ ಗಂಟು ಹೊತ್ತು ಬಸ್ಸು ಹತ್ತಿದರೆ ಬೀದಿಯವರು ಏನೆಂದಾರು? ವೇಣು ಹಸಿವು ತಡೆದಾನು, ಊರವರ ನಗೆ ತಡೆಯಲಾರ. ಅವನ ಮಾನವೆಲ್ಲ ಮೀಸೆಯಲ್ಲಿತ್ತು. ತುದಿ ಹುರಿಮಾಡಿ ಎಣ್ಣೆ ಸವರಿದ, ನೇಕಾರರ ಬೀದಿಗೆಲ್ಲ ಹೆಸರಾದ ಮೀಸೆ.

"ಏನಪ್ಪಾ ವೇಣು, ಮತ್ತೆ ನಿಂತೋಯ್ತಾ?"

ಹನುಮಂತರಾಯಪ್ಪ ಮೊಪೆಡ್ಡಿನ ಮೇಲೆ ಪ್ರತ್ಯಕ್ಷನಾಗಿದ್ದ. ಪಕ್ಕದ ಮನೆಯವನು. ಮಗ್ಗ ಮಾರಿ ಮನೆಯಲ್ಲಿ ಕೂತ ಮೇಲೆ ಇಡೀ ಬೀದಿಯ ಕೆಲಸ ತನ್ನದೇ ಎಂದುಕೊಂಡಿದ್ದ. ಈ ಬೈಕು ಬೇಡ ಎಂದು ಕೊಳ್ಳುವ ಮೊದಲು ಹೇಳಿದ್ದವನು, ಕೊಂಡ ಮೇಲೆ ದಿನಾ ಹೇಳುತ್ತಿದ್ದವನು ಅವನೇ.

"ಹೂಂ ಅಣ್ಣ."

"ನಾನು ಹೇಳ್ಲಿಲ್ವಾ? ಇರ್ಲಿ, ಕೂತ್ಕೋ. ಇವತ್ತು ಶೋರೂಮ್‌ನೋರನ್ನ ನಾನು ಮಾತಾಡಿಸ್ತೀನಿ."

ಗಂಟನ್ನು ಪರಿಚಯದ ಆಟೋದವನ ಕೈಲಿ ಮನೆಗೆ ಕಳಿಸಿದ್ದಾಯಿತು. ಹನುಮಂತರಾಯಪ್ಪ ಒಂದು ಕಾಲನ್ನು ಬೈಕಿಗೆ ಒತ್ತಿ ಮೊಪೆಡ್ಡಿನಿಂದಲೇ ತಳ್ಳತೊಡಗಿದ. ಮುಂದೆ ಫಳಫಳ ಹೊಳೆಯುವ ಬೈಕು, ಹಿಂದೆ ಹೊಗೆ ಕಾರುವ ಮೊಪೆಡ್ಡು. ದಾರಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳದೆಯೇ, ಹನುಮಂತರಾಯಪ್ಪ ವಿಷಯ ತಿಳಿಸಿದ. ಶೋರೂಮು ತಲುಪುವಷ್ಟರಲ್ಲಿ ಬೀದಿಯ ನಾಲ್ಕೈದು ಮಂದಿ ಕೆಲಸ ಬಿಟ್ಟು ಹಿಂದೆ ಬಂದಿದ್ದರು.

ಆ ಶೋರೂಮಿನಲ್ಲಿ ಒಂದು ಶಾಸ್ತ್ರವಿತ್ತು. ಗಾಡಿ ಯಾವ ಕಾಯಿಲೆಗೇ ಬಂದಿರಲಿ, ಮೊದಲು ಸ್ನಾನ. ಹಾರ, ನಿಂಬೆಹಣ್ಣು, ಸುತ್ತಿದ್ದು, ಮೆತ್ತಿದ್ದು ಎಲ್ಲ ಕಿತ್ತು, ಪೈಪಿನಲ್ಲಿ ನೀರು ಹೊಡೆದು, ಆಮೇಲೆ ಮೆಕ್ಯಾನಿಕ್ಕು ಮುಟ್ಟುವುದು. ಅವನು ಮುಟ್ಟಿದ ಕೂಡಲೇ ಬೈಕು ಬೆಣ್ಣೆಯಂತೆ ಓಡುವುದು. ಮೊದಲ ಸಲ ಪೆಟ್ರೋಲು ಕಲಬೆರಕೆ ಅಂದರು. ಆಮೇಲೆ ಬ್ಯಾಟರಿ ಬದಲಿಸಿದರು, ಅದಾದ ಮೇಲೆ ವೈರಿಂಗು. ಕಳೆದ ಸಲ ಸಾಫ್ಟ್‌ವೇರ್ ಅಂದರು. ಪ್ರತಿ ಸಲವೂ ವೇಣು ಖುಷಿಯಿಂದ ಮನೆಗೆ ಬರುತ್ತಿದ್ದ, ಮರುದಿನವೇ ಗಾಡಿ ಎಲ್ಲಾದರೊಂದು ಗುಂಡಿಯಲ್ಲಿ ಕೈಕೊಡುತ್ತಿತ್ತು. ವಿಚಿತ್ರವೆಂದರೆ, ರಿಪೇರಿ ಆದಂತೆಲ್ಲ ರೋಗ ಹೆಚ್ಚುತ್ತಿತ್ತು. ಮೊದಮೊದಲು ದೊಡ್ಡ ಗುಂಡಿ ಬೇಕಾಗುತ್ತಿತ್ತು, ಈಗ ಚಿಕ್ಕದೂ ಸಾಕಾಗುತ್ತಿತ್ತು.

ಮ್ಯಾನೇಜರ್ ನಂದಕುಮಾರ್ ಎಂದಿನಂತೆ ನಕ್ಕ. "ಬನ್ನಿ ಸಾರ್, ಕೂತ್ಕೊಳಿ. ಟೀ ತಗೋತೀರಾ?"

"ನಿಮ್ಮ ಟೀ ಕುಡಿದು ಕುಡಿದು ನನಗೆ ಪಿತ್ತ ಆಗಿದೆ," ಅಂದ ವೇಣು. "ಬೇರೆ ಗಾಡಿ ಕೊಡಿ."

ಅಷ್ಟರಲ್ಲಿ ಸ್ನಾನ ಮುಗಿಸಿದ ಬೈಕನ್ನು ಮೆಕ್ಯಾನಿಕ್ಕು ಓಡಿಸಿ ತಂದು ನಿಲ್ಲಿಸಿದ. ಒಂದು ಕೆಮ್ಮಿಲ್ಲ, ಸೀನಿಲ್ಲ. ಜೊತೆಗೆ ಬಂದವರು ವೇಣುವಿನ ಮುಖ ನೋಡಿದರು.

"ಗಾಡಿ ಚೆನ್ನಾಗೇ ಇದೆಯಲ್ಲ ಸಾರ್," ಅಂದ ನಂದಕುಮಾರ್.

"ಇಲ್ಲಿ ಚೆನ್ನಾಗಿರತ್ತೆ. ನಮ್ಮನೇಗೆ ಬಂದ್ರೆ ಕೆಡತ್ತೆ."

"ಹಾಗಾದ್ರೆ ದೋಷ ಗಾಡೀದೋ, ಮನೇದೋ?"

ಬೀದಿಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ವೇಣುವಿನ ಕಿವಿ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ಹನುಮಂತರಾಯಪ್ಪ ಮೇಜು ಗುದ್ದಿದ.

"ನೋಡಪ್ಪಾ ಮ್ಯಾನೇಜ್ರೇ, ಆಗೋಗಲಿ ಇವತ್ತು. ನಿಮ್ಮ ಬೇರೆ ಗಾಡಿ ಒಂದು ಇವನಿಗೆ ಕೊಡಿ, ಒಂದು ವಾರ ಓಡಿಸ್ಲಿ. ಅದೂ ಹಿಂಗೇ ನಿಂತ್ರೆ ತಪ್ಪು ನಮ್ಮದು. ನಿಲ್ಲಿಲ್ಲ ಅಂದ್ರೆ ತೆಪ್ಪಗೆ ಹೊಸ ಗಾಡಿ ಕೊಡಬೇಕು."

ನಂದಕುಮಾರ್ ಯೋಚಿಸಿದ. ಒಳಗೆ ಬಂದಿದ್ದ ಗಿರಾಕಿ ದಂಪತಿ ಈ ಗದ್ದಲ ನೋಡಿ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದರು. "ಆಯ್ತು. ಡೆಮೊ ಗಾಡಿ ತಗೊಂಡೋಗಿ. ಅದೂ ನಿಂತ್ರೆ?"

"ನಿಂತ್ರೆ ನಮ್ಮ ವೇಣು ಮೀಸೆ ಬೋಳಿಸ್ಕೊಂಡು ಬಂದು ನಿಮ್ಮ ಬಾಗಿಲಲ್ಲಿ ನಿಲ್ತಾನೆ."

ವೇಣುವಿನ ಕೈ ತಾನಾಗಿ ಮೀಸೆಗೆ ಹೋಯಿತು. "ಅಣ್ಣ, ಮೀಸೆ ನಂದು."

"ಗೊತ್ತಪ್ಪಾ. ನನಗೆ ಮೀಸೆ ಇದ್ದಿದ್ರೆ ನಂದೇ ಇಡ್ತಿದ್ದೆ."

ಎಲ್ಲರೂ ತಲೆಯಾಡಿಸಿದರು. ಇನ್ನು ಹಿಂದೆಗೆದರೆ ಮೀಸೆ ಇದ್ದೂ ಇಲ್ಲದಂತೆ. ವೇಣು ಒಪ್ಪಿದ. ಅವನ ಬೈಕನ್ನು ಸಾಕ್ಷಿಗೆಂದು ಹನುಮಂತರಾಯಪ್ಪ ಓಡಿಸಿಕೊಂಡು ಬರಬೇಕು, ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಹೇಳಬೇಕು ಎಂದೂ ತೀರ್ಮಾನವಾಯಿತು. ಮೊಪೆಡ್ಡು ಶೋರೂಮಿನಲ್ಲೇ ಉಳಿಯಿತು.

ಡೆಮೊ ಗಾಡಿ ಕುದುರೆಯಂತಿತ್ತು. ವೇಣು ಬೇಕೆಂದೇ ಡಿ ಕ್ರಾಸಿನ ಗುಂಡಿಗೆ ಎರಡು ಸಲ ಇಳಿಸಿದ. ಅದು ಕ್ಯಾರೇ ಅನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಅವನ ಮನಸ್ಸು ಹಗುರಾಯಿತು. ಮನೆಗೆ ಹೋಗಿ ಗಂಟು ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಚಿಕ್ಕಪೇಟೆ ಸೇರಬಹುದಿತ್ತು.

ಬಾಗಿಲಲ್ಲಿ ಅವನ ತಾಯಿ ಭಾಗ್ಯಮ್ಮ ಎದುರು ಮನೆಯ ಮುನಿಲಕ್ಷ್ಮಮ್ಮನ ಜೊತೆ ನಿಂತಿದ್ದಳು. ಸುದ್ದಿ ಆಗಲೇ ಬಂದು ಮುಟ್ಟಿತ್ತು.

"ಇದೂ ಹೊಸದಾ?" ಅಂದಳು ಭಾಗ್ಯಮ್ಮ, ಗಾಡಿಯನ್ನು ಸುತ್ತು ಹಾಕಿ ನೋಡುತ್ತ.

"ಹೂಂ ಕಣಮ್ಮ. ಸುಮ್ನೆ ಮುಟ್ಬೇಡ. ಎರಡು ತುತ್ತು ಮುದ್ದೆ ಉಂಡು ಹೊರಡ್ತೀನಿ."

"ಉಣ್ಣು ಹೋಗು. ನಾನೇನು ಮಾಡ್ತೀನಿ ಅದನ್ನ."

ವೇಣು ಮುದ್ದೆ ನುಂಗಿ, ಕೈತೊಳೆದು, ಗಂಟನ್ನು ಬಿಗಿಯಾಗಿ ಕಟ್ಟಿ ಗಾಡಿ ಹತ್ತಿದ. ನೋಡಲು ಬೀದಿಯೇ ನೆರೆದಿತ್ತು. ಸ್ಟ್ಯಾಂಡು ಒದ್ದು ಎತ್ತಿ ಸ್ಟಾರ್ಟರ್ ಒತ್ತಿದ, ಇಂಜಿನ್ ಗುಡುಗಿತು. ಮೀಸೆಯ ತುದಿ ತಿರುವಿ ಗೇರು ಹಾಕಿದ. ಇಂಜಿನ್ ನಿಂತಿತು.

ಮತ್ತೆ ಒತ್ತಿದ. ಮತ್ತೆ ಗೇರು. ಮತ್ತೆ ನಿಂತಿತು. ಇದಕ್ಕೆ ರಸ್ತೆಯ ಗುಂಡಿಯೂ ಬೇಕಾಗಿರಲಿಲ್ಲ. ಮೀಟರಿನ ಮೂಲೆಯಲ್ಲಿ ಅದೇ ಕೆಂಪು ಗುರುತು ಬೆಳಗುತ್ತಿತ್ತು. ವೇಣು ಮೊದಲ ಬಾರಿಗೆ ಅದನ್ನು ಕಣ್ಣಿಟ್ಟು ನೋಡಿದ. ಒಂದು ಗಾಡಿ, ಅದರ ಕೆಳಗೆ ಓರೆಯಾಗಿ ಚಾಚಿದ ಒಂದು ಕಾಲು. ಸ್ಟ್ಯಾಂಡು ಇಳಿದಿದ್ದರೆ ಗಾಡಿ ಓಡದು ಎಂದು ಶೋರೂಮಿನವರು ಕೊಂಡ ದಿನ ಹೇಳಿದ್ದು ಈಗ ನೆನಪಿಗೆ ಬಂತು.

ಬಗ್ಗಿ ನೋಡಿದ. ಸ್ಟ್ಯಾಂಡಿನ ಬುಡದಲ್ಲಿ ಹೆಬ್ಬೆರಳು ದಪ್ಪದ ಕರಿ ದಾರ, ಅದರಲ್ಲಿ ಒಂದು ತಾಮ್ರದ ತಾಯಿತ. ಕಾಲು ಪೂರ್ತಿ ಮೇಲಕ್ಕೆ ಮಡಚಲು ಅದು ಬಿಡುತ್ತಿರಲಿಲ್ಲ.

"ಅಮ್ಮಾ, ಏನಿದು?"

"ದೃಷ್ಟಿ ದಾರ ಕಣೋ," ಅಂದಳು ಭಾಗ್ಯಮ್ಮ. "ಎಳೇ ಮಗೂಗೆ ಕಾಲಿಗೆ ಕಟ್ಟಲ್ವಾ? ಗಾಡಿ ನಿಲ್ಲೋದು ಆ ಒಂಟಿ ಕಾಲ ಮೇಲೆ, ಅದಕ್ಕೇ ಅಲ್ಲಿ ಕಟ್ಟಿದೆ. ನಿನ್ನ ಗಾಡಿಗೂ ಕಟ್ತಾನೇ ಇದ್ದೆ. ಆ ಶೋರೂಮ್‌ನೋರು ಪ್ರತಿ ಸಲಾನೂ ಬಿಚ್ಚಿ ಬಿಸಾಕ್ತಿದ್ರು. ನಾನು ಬಿಡ್ತೀನಾ? ಮಾರನೇ ದಿನ ಬೆಳಿಗ್ಗೆ ಇನ್ನೊಂದು ಸುತ್ತು ಜಾಸ್ತಿ ಕಟ್ತಿದ್ದೆ. ಇವತ್ತು ಮಗ್ಗದ ರೇಷ್ಮೆ ಹುರಿ ಹಾಕಿ ಬಿಗಿದಿದೀನಿ. ಅವರಪ್ಪ ಬಂದ್ರೂ ಬಿಚ್ಚಕ್ಕಾಗಲ್ಲ."

ಸುತ್ತು ಕಡಿಮೆಯಿದ್ದಾಗ ಗುಂಡಿಯ ಕುಲುಕಿಗೆ ಮಾತ್ರ ಇಳಿಯುತ್ತಿದ್ದ ಕಾಲು ಇವತ್ತು ನಿಂತಲ್ಲೇ ಇಳಿದಿತ್ತು. ಹುರಿ ಬಿಚ್ಚಲಾಗದು ಎಂಬುದೂ ನಿಜವಾಗಿತ್ತು. ವೇಣು ಮಂಡಿಯೂರಿ ಉಗುರಿನಲ್ಲಿ ಕಿತ್ತ, ಬೀಗದ ಕೈಯಲ್ಲಿ ಕೆದಕಿದ, ಕೊನೆಗೆ ನೆಲಕ್ಕೆ ಬಾಗಿ ಹಲ್ಲು ಹಾಕಿದ. ತನ್ನ ಮನೆಯ ರೇಷ್ಮೆ ಇಷ್ಟು ಗಟ್ಟಿ ಎಂದು ಅವನಿಗೇ ಗೊತ್ತಿರಲಿಲ್ಲ.

ಆಗ ಬೀದಿಯ ತುದಿಯಿಂದ ಒಂದು ಬೈಕು ಬೆಣ್ಣೆಯಂತೆ ಬಂತು. ಹನುಮಂತರಾಯಪ್ಪ. ಹಿಂದಿನ ಸೀಟಿನಲ್ಲಿ ಮ್ಯಾನೇಜರ್ ನಂದಕುಮಾರ್.

"ಎಲ್ಲೂ ನಿಲ್ಲಲಿಲ್ಲ ಕಣಪ್ಪಾ," ಅಂದ ಹನುಮಂತರಾಯಪ್ಪ, ಇಳಿಯುತ್ತ. "ಸಾಸಲು ಊರಿನ ತನಕ ಹೋಗಿ ಬಂದ್ವಿ. ಬಂಗಾರದಂಥ ಗಾಡಿ." ಆಮೇಲೆ ಅವನ ಕಣ್ಣು ಕೆಳಗೆ ಹೋಯಿತು. "ಇದೇನು ವೇಣು, ಗಾಡಿ ಕಾಲಿಗೆ ಬಿದ್ದಿದೀಯ? ನಿಂತೋಯ್ತಾ?"

ವೇಣು ಎದ್ದು ಮಂಡಿಯ ಧೂಳು ಕೊಡವಿದ. ಗಾಡಿ ನಿಂತಿದ್ದನ್ನು ಬೀದಿಯೇ ನೋಡಿತ್ತು. ದಾರದ ವಿಷಯ ಹೇಳಿದರೆ ತಪ್ಪು ಮನೆಯದು, ಮೀಸೆ ಹೋಗುತ್ತದೆ. ಹೇಳದಿದ್ದರೆ ಡೆಮೊ ಗಾಡಿಯೂ ನಿಂತಂತೆ, ಆಗಲೂ ಮೀಸೆ ಹೋಗುತ್ತದೆ. ಜೇಬಿನಲ್ಲಿ ಸೇಟುವಿನ ಕರೆಗೆ ಫೋನು ಬಡಿದುಕೊಳ್ಳುತ್ತಿತ್ತು. ನಂದಕುಮಾರ್ ವೇಣುವಿನ ಮೀಸೆಯನ್ನೇ ನೋಡುತ್ತ ನಿಂತಿದ್ದ.

"ಹಿಡಿಯಪ್ಪಾ," ಎಂದು ಮುನಿಲಕ್ಷ್ಮಮ್ಮ ತನ್ನ ಮನೆಯಿಂದ ಗಂಡನ ಕ್ಷೌರದ ಕತ್ತಿ ತಂದು ಕೊಟ್ಟಳು. "ಮೊದ್ಲು ದಾರ ಕುಯ್ಕೋ. ಆಮೇಲೆ ಅದಕ್ಕೂ ಆಯ್ತು."

ಭಾಗ್ಯಮ್ಮನಿಗೆ ಇದಾವುದರ ಕಡೆಗೂ ಗಮನವಿರಲಿಲ್ಲ. ಮಗನ ಬೈಕು ಕಾಲು ಬೋಳು ಮಾಡಿಕೊಂಡು ಮನೆಗೆ ಬಂದಿತ್ತು. ಉಳಿದ ರೇಷ್ಮೆ ಹುರಿ ಹಿಡಿದು ಅವಳು ಆಗಲೇ ಅದರ ಪಕ್ಕ ಕೂತಿದ್ದಳು.