ಈಶಾನ್ಯದ ಹಾಲುಗಂಬ

ಹನ್ನೊಂದು ದಿನಗಳಿಂದ ನನ್ನ ಮನೆಯ ಗೇಟು ಒಂದೂವರೆ ಗೇಣಿಗಿಂತ ಹೆಚ್ಚು ತೆರೆಯುತ್ತಿಲ್ಲ. ಉಸಿರು ಬಿಗಿಹಿಡಿದು ಅಡ್ಡಡ್ಡಲಾಗಿ ನಾನು ಹೇಗೋ ನುಸುಳುತ್ತೇನೆ. ನನ್ನ ಸ್ಕೂಟರಿಗೆ ಆ ವಿದ್ಯೆ ಬಾರದು. ಭಾನುವಾರ ಬೆಟ್ಟದಪುರದಲ್ಲಿ ನನ್ನ ತಂಗಿಯ ಮೊಮ್ಮಗಳ ಹುಟ್ಟುಹಬ್ಬ. ಹೋಗದಿದ್ದರೆ ತಂಗಿ ಮರೆಯುವವಳಲ್ಲ. ಮರೆಯದಿರುವುದು ನಮ್ಮ ವಂಶದ ಗುಣ.

ಕಟ್ಟೆಮಳಲವಾಡಿಯಲ್ಲಿ ನಾನು ಮನೆ ಕಟ್ಟಿಸಿದಾಗ ನಕ್ಷೆ, ಪರವಾನಗಿ, ನೆರೆಯವರ ಒಪ್ಪಿಗೆ ಎಂದು ಚಪ್ಪಲಿ ಸವೆಸಿದ್ದೆ. ಚಪ್ಪರಕ್ಕೆ ಇವೊಂದೂ ಬೇಡ. ನಾಲ್ಕು ದಿನದ ಕಟ್ಟಡವೆಂದರೆ ಸಾಕು, ಬೀದಿಯೇ ನಿವೇಶನ. ಎದುರುಮನೆಯ ಪುಟ್ಟಸ್ವಾಮಿ ಮಗಳ ಮದುವೆಗೆ ಹಾಕಿಸಿದ ಚಪ್ಪರ ಅಂಥದು. ಅದರ ಮೊದಲ ಕಂಬ, ಹಾಲು ತುಪ್ಪ ಎರೆದು ಪೂಜಿಸಿ ನೆಡುವ ಹಾಲುಗಂಬ, ನನ್ನ ಗೇಟಿನ ಮುಂದೆಯೇ ಊರಿ ನಿಂತಿದೆ.

ಪುಟ್ಟಸ್ವಾಮಿಯನ್ನೇ ವಿಚಾರಿಸಿದೆ. "ಅಯ್ಯೋ, ಆಲುಗಂಬ ಈಶಾನ್ಯಕ್ಕೇ ಬರ್ಬೇಕು ಅಂತ ನೀವೇ ಅಲ್ವಾ ಮೇಷ್ಟ್ರೇ ಯೋಳಿದ್ದು? ಗೆರೆ ಎಳ್ದಂಗೆ ನೆಟ್ಟಿವ್ನಿ" ಎಂದ. ಹೇಳಿದ್ದು ನಿಜ; ಊರಿಗೆ ಪಂಚಾಂಗ ನೋಡಿ ಹೇಳುವವನು ನಾನೇ. ಮದುವೆಗೆ ಮುಂಚೆ ಅವನು ಬಾಗಿಲಿಗೆ ಬಂದು ಕೇಳಿದಾಗ, ಮಲಗುವ ಕೋಣೆಯಲ್ಲಿ ಕನ್ನಡಕ ಹುಡುಕುತ್ತ ಅಲ್ಲಿಂದಲೇ ಹೇಳಿದ್ದೆ. ಅವನ ಈಶಾನ್ಯವೇ ನನ್ನ ಹೆಬ್ಬಾಗಿಲೆಂದು ಆಗ ಹೊಳೆಯಲಿಲ್ಲ.

ಮದುವೆ ಮುಗಿಯಿತು, ಚಪ್ಪರ ಮುಗಿಯಲಿಲ್ಲ. ಹೆಣ್ಣು ಗಂಡು ತವರಿಗೆ ಬಂದು ಹೋಗುವವರೆಗೂ ಹಾಲುಗಂಬ ಕೀಳುವಂತಿಲ್ಲವಂತೆ. ಬಿಟ್ಟಿ ನೆರಳು ಕಂಡರೆ ಊರು ಸುಮ್ಮನಿದ್ದೀತೇ? ಸೋಮವಾರ ಸ್ತ್ರೀಶಕ್ತಿ ಸಂಘದ ಸಭೆ, ಮಂಗಳವಾರ ಮಕ್ಕಳಿಗೆ ಲಸಿಕೆ, ಬುಧವಾರ ಯಾರದೋ ಟೆಂಪೋ ರಿಪೇರಿ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುವ ಗುಂಪಿನಲ್ಲಿ ಪರಿಚಿತ ಬೆನ್ನೊಂದು ಕಂಡಿತು. ನನ್ನ ಹೆಂಡತಿ ಗಿರಿಜೆಯದು. "ನೆಳ್ಳು ಚೆನ್ನಾಗದೆ ಕಣ್ರೀ, ಇನ್ನೊಂದೆಂಟು ದಿನ ಇರ್ಲಿ ಬುಡಿ" ಎಂದಳು. ಶತ್ರುಪಕ್ಷದ ನೆರಳಿನಲ್ಲಿ ಸುಲಿದ ಅವರೆಯ ಸಾರನ್ನು ಅಂದು ಎರಡೇ ಸಲ ಬಡಿಸಿಕೊಂಡೆ; ಮೂರನೆಯದನ್ನು ಪ್ರತಿಭಟನಾರ್ಥ ನಿರಾಕರಿಸಿದೆ.

ಇಂದು ಗುರುವಾರ. ಬೆಳಿಗ್ಗೆ ಹೆಣ್ಣು ಗಂಡು ಬಂದು ಹೋದರು. ಸಂಜೆ ಪುಟ್ಟಸ್ವಾಮಿ ಗೇಟಿನ ಸಂದಿಯಲ್ಲಿ ನುಸುಳಿ ಬಂದು, "ಕಂಬ ಕೀಳಕ್ಕೆ ಒಂದೊಳ್ಳೆ ದಿನ ನೋಡ್ಕೊಡಿ ಮೇಷ್ಟ್ರೇ. ನೀವು ಯಾವತ್ತಂದ್ರೆ ಅವತ್ತೇ" ಎಂದ.

ನಾಳೆ ಎಂದುಬಿಟ್ಟಿದ್ದರೆ ಸ್ಕೂಟರು ಬಿಡುಗಡೆಯಾಗುತ್ತಿತ್ತು. ಆದರೆ ಪಂಚಾಂಗ ಬಿಚ್ಚಿದೆ. ಶುಕ್ರವಾರ ಶುಭಕಾರ್ಯದ ಕಂಬ ಕೀಳಬಾರದು. ಶನಿವಾರ ಅಮಾವಾಸ್ಯೆ. ಭಾನುವಾರ ಪಾಡ್ಯ, ಅದೂ ಆಗದು. ಗಂಟಲಿಗೆ ಬಂದ ಸುಳ್ಳನ್ನು ನುಂಗಿ, "ಸೋಮವಾರ" ಎಂದೆ. "ನಿಮ್ಮಂಗೆ ಕರಾರುವಾಕ್ಕಾಗಿ ಯೋಳೋರು ಯಾರವ್ರೆ ಬುಡಿ!" ಎಂದು ಕೈಮುಗಿದು, ಹೊಟ್ಟೆ ಒಳಗೆಳೆದುಕೊಂಡು, ಅದೇ ಸಂದಿಯಲ್ಲಿ ಹೊರಟ.

ಭಾನುವಾರ ನಾವು ಬಸ್ಸಿಗೇ ನಿಲ್ಲಬೇಕು. ಅದಿರಲಿ. ಪುಟ್ಟಸ್ವಾಮಿಯನ್ನೂ ಆ ನೆರಳಿನ ಸಮಸ್ತ ಫಲಾನುಭವಿಗಳನ್ನೂ ಒಂದೇ ಮಾತು ಕೇಳುತ್ತೇನೆ: ಶಾಸ್ತ್ರ ಕೇಳಲು ನನ್ನ ಬಾಗಿಲಿಗೆ ಎರಡೆರಡು ಸಲ ಬಂದವರಿಗೆ, ಆ ಬಾಗಿಲ ಮುಂದೊಂದು ಗೇಟಿರುವುದು ಒಂದು ಸಲವಾದರೂ ಕಾಣಲಿಲ್ಲವೇ?